ಎರಡು ಲೈನ್, ಮೂರು ಸ್ಟ್ಯಾಟಿಕ್ ರೂಟ್: ಶಿರಸಿಯ ಆಫೀಸಿನಲ್ಲಿ ಮಾಡಿದ್ದು

ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಮರ ಬಿದ್ದರೆ ಫೈಬರ್ ಹೋಯಿತೆಂದೇ ಲೆಕ್ಕ. ಅದಕ್ಕೇ ಫೈಬರ್ ಜೊತೆಗೆ 4ಜಿ ರೂಟರ್ ಇಟ್ಟು, ಎರಡನ್ನೂ ಮೈಕ್ರೋಟಿಕ್‌ಗೆ (ಆಫೀಸಿನ ಮುಖ್ಯ ರೂಟರ್) ಕೊಟ್ಟಿದ್ದೇನೆ. ಎರಡನೇ ಲೈನಿಗೂ ದಿನವೂ ಕೆಲಸ ಇರಬೇಕು, ಆದರೆ ನಡುವೆ ಲೈನ್ ಬದಲಾಗಿ ಬ್ಯಾಂಕ್ ಸೈಟ್ ಲಾಗೌಟ್ ಆಗಬಾರದು. ಸ್ಟ್ಯಾಟಿಕ್ ರೂಟ್ (ನಾವೇ ಕೈಯಾರೆ ಬರೆದಿಡುವ ದಾರಿ) ನೋಡುವುದು ಹೋಗಬೇಕಾದ ವಿಳಾಸವನ್ನು ಮಾತ್ರ. ಹಾಗಾಗಿ ಒಂದು ಸರ್ವರ್‌ನ ಎಲ್ಲ ಸಂಪರ್ಕವೂ ಒಂದೇ ಲೈನಿನಲ್ಲಿ ಹೋಗುತ್ತದೆ.

ಫೈಬರ್ ಮತ್ತು 4ಜಿ ಡಬ್ಬಿಗಳೆರಡರ ವಿಳಾಸವೂ 192.168.1.1 ಆಗಿದ್ದರೆ 4ಜಿಯದನ್ನು 192.168.2.1 ಮಾಡಿ. ಒಳಗಿನ ನೆಟ್‌ವರ್ಕ್‌ಗೆ 192.168.10.0/24 ಕೊಟ್ಟೆ (ಅಂದರೆ 192.168.10ರಿಂದ ಶುರುವಾಗುವ ವಿಳಾಸಗಳು; / ನಂತರದ ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು, ಹೆಚ್ಚು ನಿರ್ದಿಷ್ಟ). ಎರಡೂ ಪೋರ್ಟ್‌ಗಳ ಡಿಎಚ್‌ಸಿಪಿ ಕ್ಲೈಂಟ್‌ನಲ್ಲಿ (ವಿಳಾಸವನ್ನು ತಾನಾಗಿ ಪಡೆಯುವ ಭಾಗ) ಡಿಫಾಲ್ಟ್ ರೂಟ್ (ಬೇರೆ ದಾರಿ ಇಲ್ಲದಾಗ ಹಿಡಿಯುವ ದಾರಿ) ಸೇರಿಸುವುದನ್ನು ನಿಲ್ಲಿಸಿ, ಎರಡಕ್ಕೂ ಮಾಸ್ಕರೇಡ್ ನಿಯಮ (ಒಳಗಿನ ವಿಳಾಸದ ಬದಲು ಆ ಲೈನಿನ ವಿಳಾಸ ಹಚ್ಚಿ ಕಳಿಸುವುದು) ಹಾಕಬೇಕು.

ರೂಟ್‌ಗಳು ಹೀಗಿವೆ: 0.0.0.0/0 (ಎಲ್ಲ ವಿಳಾಸ) ಫೈಬರ್‌ಗೆ, ಡಿಸ್ಟೆನ್ಸ್ (ಆದ್ಯತೆ; ಚಿಕ್ಕದೇ ಮೊದಲು) 1, ಅದೇ 0.0.0.0/0 4ಜಿಗೆ, ಡಿಸ್ಟೆನ್ಸ್ 2, 192.0.0.0/2 4ಜಿಗೆ. ಹೆಚ್ಚು ನಿರ್ದಿಷ್ಟವಾದ ರೂಟ್ ಯಾವಾಗಲೂ ಗೆಲ್ಲುವುದರಿಂದ 192ರಿಂದ ಮೇಲಿನ ವಿಳಾಸಗಳು 4ಜಿಗೆ, ಉಳಿದವು ಫೈಬರ್‌ಗೆ. ಒಳಗಿನ /24 ಇನ್ನೂ ನಿರ್ದಿಷ್ಟ, ಅದಕ್ಕೆ ತೊಂದರೆಯಿಲ್ಲ. 4ಜಿ ಹೋದರೆ /2 ರೂಟ್ ಕಳಚಿ, ಅದರ ಪಾಲೂ ಫೈಬರ್‌ಗೆ ಬರುತ್ತದೆ.

ಆದರೆ ರೂಟ್ ತಾನಾಗಿ ಕಳಚುವುದಿಲ್ಲ. ಫೈಬರ್ ತುಂಡಾಗುವುದು ಹೊರಗೆ ಎಲ್ಲೋ; ಪಕ್ಕದ ಡಬ್ಬಿ ಪಿಂಗ್‌ಗೆ (‘ಇದ್ದೀಯಾ’ ಎಂಬ ಪ್ರಶ್ನೆಗೆ) ಉತ್ತರಿಸುತ್ತಲೇ ಇರುತ್ತದೆ, ರೂಟ್ ಜೀವಂತವಾಗಿಯೇ ಕಾಣುತ್ತದೆ. ಪರೀಕ್ಷೆ ದೂರದ ವಿಳಾಸದ ಮೇಲೆ ನಡೆಯಬೇಕು. 8.8.8.8/32 (ಗೂಗಲ್‌ನ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹೇಳುವ ಸರ್ವರ್; /32 ಎಂದರೆ ಒಂದೇ ವಿಳಾಸ) ಅನ್ನು 192.168.1.1 ಮೂಲಕ, 208.67.222.222/32 (ಓಪನ್‌ಡಿಎನ್‌ಎಸ್‌ನದು) ಅನ್ನು 192.168.2.1 ಮೂಲಕ ಹಾಕಿ. ಎರಡಕ್ಕೂ ಸ್ಕೋಪ್ (ಬೇರೆ ರೂಟ್‌ಗಳು ಇದನ್ನು ಆಧರಿಸಬಹುದೇ ಎಂದು ಹೇಳುವ ಅಂಕಿ) 10. ಆಮೇಲೆ ಮೇಲಿನ ಮೂರು ರೂಟ್‌ಗಳ ಗೇಟ್‌ವೇ (ಯಾರ ಮೂಲಕ ಹೋಗಬೇಕು ಎಂಬ ವಿಳಾಸ) ಜಾಗದಲ್ಲಿ ಆಯಾ ಲೈನಿನ ಈ ವಿಳಾಸವನ್ನೇ ಬರೆದು, ಟಾರ್ಗೆಟ್-ಸ್ಕೋಪ್ (ಆಧರಿಸಬಹುದಾದ ರೂಟ್‌ನ ಸ್ಕೋಪ್‌ನ ಮಿತಿ) 11, ಚೆಕ್-ಗೇಟ್‌ವೇ ಪಿಂಗ್ ಕೊಡಿ (ಇದು ಮೈಕ್ರೋಟಿಕ್‌ನ ಸಾಫ್ಟ್‌ವೇರ್ ರೂಟರ್‌ಓಎಸ್ 7ಕ್ಕೆ). 10 ಸೆಕೆಂಡಿಗೊಮ್ಮೆ ಪಿಂಗ್ ಹೋಗುತ್ತದೆ. ಎರಡು ಸಲ ಉತ್ತರ ಬಾರದಿದ್ದರೆ ದಾರಿ ಬದಲು. ಫೈಬರ್ ಸತ್ತಾಗ 8.8.8.8 ಕೂಡ ಸಿಗುವುದಿಲ್ಲ, ಆದ್ದರಿಂದ ಡಿಎನ್‌ಎಸ್‌ಗೆ ಎರಡೂ ವಿಳಾಸ ಇರಲಿ.

ವಿಳಾಸದ ಕಾಲು ಭಾಗ ಕೊಟ್ಟರೆ ಟ್ರಾಫಿಕ್ಕಿನ ಕಾಲು ಭಾಗವೇ ಹೋಗುತ್ತದೆ ಎಂದೇನಿಲ್ಲ. ಕೆಲಸದ ಹೊತ್ತಿನಲ್ಲಿ ಎರಡೂ ಪೋರ್ಟ್‌ಗಳ ಲೆಕ್ಕ ನೋಡಿ, 4ಜಿಗೆ ಭಾರವಾದರೆ /2 ಅನ್ನು /4 ಮಾಡಿ (/3 ಮಾಡಿದರೆ ಕಡಿಮೆಯಾಗುವುದಿಲ್ಲ; 224ರಿಂದ ಮೇಲೆ ಸಾಮಾನ್ಯ ಸರ್ವರ್‌ಗಳ ವಿಳಾಸವೇ ಇಲ್ಲ). ಐಪಿವಿ6 (ಹೊಸ ಬಗೆಯ ಉದ್ದದ ವಿಳಾಸಗಳು) ಆನ್ ಇದ್ದರೆ ಆ ಟ್ರಾಫಿಕ್ ಈ ರೂಟ್‌ಗಳನ್ನು ನೋಡುವುದೇ ಇಲ್ಲ. ನಾನು ಒಳಗೆ ಅದನ್ನು ಕೊಟ್ಟಿಲ್ಲ.

ದಾರಿ ಬದಲಾದ ಮೇಲೂ ಐಪಿ ಫೋನ್ ಮೂಕವಾಗಿಯೇ ಉಳಿಯಬಹುದು. ಹಳೆಯ ಯುಡಿಪಿ (ಫೋನ್ ಬಳಸುವ ಸಾಗಣೆ ವಿಧಾನ) ಸಂಪರ್ಕ ಫೈಬರ್ ಕಡೆಯ ವಿಳಾಸವನ್ನೇ ಹಿಡಿದಿರುತ್ತದೆ, ಫೋನ್ ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ಅದರ ಅವಧಿಯೂ ಮುಗಿಯುವುದಿಲ್ಲ. ಫೈರ್‌ವಾಲ್‌ನ ಕನೆಕ್ಷನ್ಸ್ ಪಟ್ಟಿಯಲ್ಲಿ ಫೋನಿನ ಸಾಲುಗಳನ್ನು ಅಳಿಸಿದರೆ ಮತ್ತೆ ರಿಜಿಸ್ಟರ್ ಆಗುತ್ತದೆ.