ಮಕ್ಕಳಿಗೆ ಕುಲೆ ಕತೆ ಬರೆಯೋದು ಹೇಗೆ

ಮೊದ್ಲೇ ಒಂದು ಮಾತು ಮಾರಾಯ್ರೆ, ದೈವವನ್ನು ದೆವ್ವ ಮಾಡ್ಬೇಡಿ. ನಮ್ಮ ತುಳುನಾಡಲ್ಲಿ ದೈವ ಬೇರೆ ಕುಲೆ ಬೇರೆ, ದೈವ ಅಂದ್ರೆ ನಾವು ಪೂಜಿಸುವ ಶಕ್ತಿ, ಕುಲೆ ಅಂದ್ರೆ ತೀರಿಹೋದ ನಮ್ಮ ಮನೆಯವ್ರೇ.

ಕತೆಯನ್ನು ಆಟಿ ತಿಂಗಳಲ್ಲಿ ಇಡಿ, ಅಂದ್ರೆ ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಜಡಿಮಳೆ, ಒಳಗೆ ಕೆಸುವಿನ ಎಲೆಯ ಪತ್ರೊಡೆ ಪರಿಮಳ, ಆಗ ಕುಲೆಗಳಿಗೆ ಬಡಿಸುವ ಕ್ರಮ ಉಂಟಲ್ಲ, ಅಲ್ಲಿಂದ್ಲೇ ಶುರು ಮಾಡಿ: ಬಾಳೆಎಲೆ ಮುಂದೆ ಬಂದು ಕೂತ ಅಜ್ಜಿಕುಲೆಗೆ ಪತ್ರೊಡೆ ಬೇಕು, ಆದ್ರೆ ಹಲ್ಲಿನ ಸೆಟ್ಟು ಅಟ್ಟದಲ್ಲೇ ಬಾಕಿ, ಪುಳ್ಳಿ, ಅಂದ್ರೆ ಮೊಮ್ಮಗು, ಹುಡುಕಿ ತಂದು ಕೊಡ್ಬೇಕು. ನಗು ಬರೋದು ಇಂಥ ಸಣ್ಣ ಕಷ್ಟದಲ್ಲೇ.

ಚಿಕ್ಕಂದಿನಲ್ಲಿ ಸತ್ತವರಿಗೆ ಎಷ್ಟೋ ವರ್ಷ ಕಳೆದ ಮೇಲೆ ಮದುವೆ ಮಾಡ್ಸುವ ಕುಲೆ ಮದಿಮೆಯೂ ನಮ್ಮಲ್ಲಿ ಉಂಟು, ಅಂದ್ರೆ ಸತ್ತ ಮಕ್ಕಳು ಆಚೆ ಬೆಳೀತಾ ಇರ್ತಾರೆ ಅಂತ ನಂಬಿಕೆ, ಎಷ್ಟು ಚಂದ ಅಲ್ವಾ! ಅದನ್ನು ತಮಾಷೆಗೆ ಅಲ್ಲ, ಪ್ರೀತಿಯಿಂದ ಬಳಸಿ.

"ನಿದ್ದೆ ಮಾಡಿದ್ದಾರೆ" ಅಂತ ಸತ್ತವರ ಬಗ್ಗೆ ಬರೀಬೇಡಿ, ಮಗು ಮಲಗ್ಲಿಕ್ಕೇ ಹೆದರ್ತದೆ. ಸತ್ತುಹೋದ್ರು ಅಂತ ನೇರ ಹೇಳಿ. ಕೊನೆಗೆ ಕುಲೆ ಊಟ ಮುಗಿಸಿ ವಾಪಸ್ ಹೋಗ್ಲಿ, ಬದುಕಿ ಬರೋದು ಬೇಡ. ಬರೆದಾದ್ಮೇಲೆ ಹಗಲು ಹೊತ್ತಲ್ಲಿ ಒಂದು ಮಗುವಿಗೆ ಓದಿ ಹೇಳಿ, ಎಲ್ಲಿ ನಿಮ್ಮ ಕೈ ಗಟ್ಟಿ ಹಿಡೀತದೋ ಆ ಸಾಲು ಬದಲಿಸಿ.