ಸ್ಟಾಪ್‌ಲಾಸ್ ಮೊದಲು, ಎಷ್ಟು ಷೇರು ಅನ್ನೋದು ಆಮೇಲೆ

ಕಲಬುರಗಿಯಲ್ಲಿ ಕೂತು ಚಾರ್ಟ್ ನೋಡಿ ಷೇರು ಕೊಳ್ಳುವಾಗ ನಾನು ಮೊದಲು ಬರೆದಿಡುವುದು ಹೊರಬರುವ ಬೆಲೆಯನ್ನು. ಇದೇ ಸ್ಟಾಪ್‌ಲಾಸ್: ಬೆಲೆ ಅಲ್ಲಿಗೆ ಇಳಿದರೆ ನಷ್ಟ ಬೆಳೆಯುವ ಮೊದಲೇ ಮಾರಿಬಿಡುವುದು.

ಶನಿವಾರ ಪಟ್ಟಿ ಮಾಡುತ್ತೇನೆ. ಬೆಲೆ ಹಿಂದಿನ 200 ದಿನದ ಮುಕ್ತಾಯದ ಬೆಲೆಗಳ ಸರಾಸರಿಯ ಮೇಲಿರಬೇಕು, ಚಾರ್ಟ್‌ನಲ್ಲಿ ಆ ಸರಾಸರಿಯ ಗೆರೆಯೂ ಏರುತ್ತಿರಬೇಕು, ಷೇರು ಆರೇಳು ವಾರ ಒಂದೇ ರೇಂಜಿನಲ್ಲಿ ಓಡಾಡಿರಬೇಕು. ರೇಂಜಿನ ಮೇಲ್ಗೆರೆ ದಾಟಿ ದಿನ ಮುಗಿದರೆ, ವಾಲ್ಯೂಮ್ (ಆ ದಿನ ಕೈಬದಲಾದ ಷೇರುಗಳ ಸಂಖ್ಯೆ) 20 ದಿನದ ಸರಾಸರಿಯ ಒಂದೂವರೆ ಪಟ್ಟಾದರೂ ಇದ್ದರೆ, ಮರುದಿನ ಕೊಳ್ಳುತ್ತೇನೆ. ಮಧ್ಯಾಹ್ನ ಗೆರೆ ದಾಟಿದ ಬೆಲೆ 3:30ರೊಳಗೆ ವಾಪಸ್ ಇಳಿಯುವುದು ಬಹಳ. ಅದಕ್ಕೇ ಮುಕ್ತಾಯದ ಬೆಲೆಗೆ ಕಾಯಬೇಕು.

ಸ್ಟಾಪ್‌ಲಾಸ್‌ಗೆ 14 ದಿನದ ಎಟಿಆರ್ (ಆವರೇಜ್ ಟ್ರೂ ರೇಂಜ್) ಬಳಸುತ್ತೇನೆ. ಅಮೆರಿಕದ ಚಾರ್ಟ್ ಪರಿಣತ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ ಈ ಅಳತೆ ಷೇರು ದಿನಕ್ಕೆ ಸರಾಸರಿ ಎಷ್ಟು ರೂಪಾಯಿ ಏರಿಳಿಯುತ್ತದೆ ಎಂದು ತೋರಿಸುತ್ತದೆ. ಕೊಂಡ ಬೆಲೆ 412, ಎಟಿಆರ್ 10.50 ಎಂದುಕೊಳ್ಳಿ. ಎರಡು ಎಟಿಆರ್ ಕೆಳಗೆ ಅಂದರೆ 391ಕ್ಕೆ ಸ್ಟಾಪ್. ಬಂಡವಾಳ 2 ಲಕ್ಷವಿದ್ದರೆ ಒಂದು ವ್ಯವಹಾರದಲ್ಲಿ ಕಳೆಯಬಹುದಾದ್ದು ಶೇ 1, ಅಂದರೆ 2,000. ಅದನ್ನು ಒಂದು ಷೇರಿಗೆ ಆಗಬಹುದಾದ ನಷ್ಟ 21ರಿಂದ (412ಕ್ಕೂ 391ಕ್ಕೂ ಇರುವ ಅಂತರ) ಭಾಗಿಸಿದರೆ 95 ಷೇರು, ಹಾಕುವ ಹಣ 39,140 ರೂಪಾಯಿ. ಹೆಚ್ಚು ಷೇರು ಬೇಕೆಂದು ಸ್ಟಾಪನ್ನು 405ಕ್ಕೆ ತಂದರೆ ಮಾಮೂಲಿ ಏರಿಳಿತವೇ ಹೊರಗೆ ತಳ್ಳುತ್ತದೆ. ಹೊಸಬರ ಹಣ ಹೆಚ್ಚಾಗಿ ಕರಗುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದರೂ 2,000ಕ್ಕೇ ನಷ್ಟ ನಿಲ್ಲುತ್ತದೆ ಎನ್ನುವಂತಿಲ್ಲ. ಟ್ರಿಗರ್ (ಆರ್ಡರ್ ಜಾರಿಗೆ ಬರುವ ಬೆಲೆ) 391, ಲಿಮಿಟ್ (ಅದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಬೆಲೆ) 390 ಎಂದು ಆರ್ಡರ್ ಹಾಕಿರುತ್ತೀರಿ, ಬೆಳಿಗ್ಗೆ 9:15ಕ್ಕೆ ಷೇರು 380ಕ್ಕೇ ತೆರೆಯುತ್ತದೆ. ಆರ್ಡರ್ ಎಚ್ಚರವಾದರೂ 390ಕ್ಕೆ ಕೊಳ್ಳುವವರಿಲ್ಲ, ಮಾರಾಟ ಆಗುವುದೇ ಇಲ್ಲ. ಆಗ ಕೈಯಾರೆ ಮಾರಿ ಹೊರಬರಬೇಕು. ಕಂಪನಿಯ ತ್ರೈಮಾಸಿಕ ಫಲಿತಾಂಶ ಎರಡು ಮೂರು ದಿನದಲ್ಲಿದ್ದರೆ ನಾನು ಕೊಳ್ಳುವುದೇ ಇಲ್ಲ. 1:1 ಬೋನಸ್, ಅಂದರೆ ಇರುವ ಒಂದು ಷೇರಿಗೆ ಇನ್ನೊಂದು ಉಚಿತವಾಗಿ ಬಂದರೆ 412ರ ಷೇರು 206ರ ಆಸುಪಾಸಿಗೆ ಇಳಿಯುತ್ತದೆ. ಹಳೆಯ ಸ್ಟಾಪನ್ನು ಅರ್ಧಕ್ಕಿಳಿಸುವುದು ಮರೆಯಬಾರದು.

ಊರಿನ ಧಾನ್ಯ ಮಾರುಕಟ್ಟೆಯಾದ ಗಂಜ್‌ನ ತೊಗರಿ ದರಕ್ಕೂ ಇದೇ ಚಾರ್ಟ್ ಹಾಕಬಹುದಲ್ಲ ಎಂದು ದಾಲ್ ಮಿಲ್‌ನವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ನಿನ್ನೆಯ ತೊಗರಿ, ಇವತ್ತಿನ ತೊಗರಿ ಒಂದೇ ಮಾಲಲ್ಲ: ತೇವ ಬೇರೆ, ಕಾಳಿನ ದರ್ಜೆ ಬೇರೆ. ತೊಗರಿಯ ವಾಯಿದಾ ವ್ಯಾಪಾರವೂ (ಮುಂದಿನ ದಿನಾಂಕಕ್ಕೆ ಈಗಲೇ ದರ ಗೊತ್ತು ಮಾಡಿ ಎಕ್ಸ್‌ಚೇಂಜ್‌ನಲ್ಲಿ ಮಾಡುವ ವ್ಯಾಪಾರ) 2007ರಲ್ಲೇ ನಿಂತಿದೆ, ಹಾಗಾಗಿ ಗೋದಾಮಿನ ಮಾಲಿಗೆ ಸ್ಟಾಪ್‌ಲಾಸ್ ಹಾಕಲು ಜಾಗವೇ ಇಲ್ಲ. ಡಿಸೆಂಬರ್ ಕಳೆದು ಹೊಸ ಮಾಲು ಬರತೊಡಗಿದಾಗ ಆ ದರದ ಬಗ್ಗೆ ದಿನದ ಆವಕದ ಚೀಲಗಳ ಲೆಕ್ಕವೇ ನನ್ನ ಗೆರೆಗಳಿಗಿಂತ ಹೆಚ್ಚು ಹೇಳುತ್ತದೆ.