ಒಣಗಿ ಒಡೆದ ತುಟಿಗೆ ಲಿಪ್ ಬಾಮ್: ಆರಿಸುವುದು, ಪರೀಕ್ಷಿಸುವುದು, ಹಚ್ಚುವುದು ಹೇಗೆ?

ಧನು ತಿಂಗಳು ಬಂದು ಬೆಳಗಿನ ಹೊತ್ತು ಮೂಡುಗಾಳಿ ಬೀಸತೊಡಗಿದರೆ ಕಾಸರಗೋಡಿನಂತಹ ಕಡಲ ಕರೆಯ ಊರಿನಲ್ಲಿಯೂ ತುಟಿ ಒಡೆಯುತ್ತದೆ. ಆಟಿಯ ಮಳೆಯಲ್ಲಿ ಯಾರ ನೆನಪಿಗೂ ಬಾರದ ಲಿಪ್ ಬಾಮ್ ಆಗ ಬದಿಯಡ್ಕ, ಕುಂಬಳೆ, ಉಪ್ಪಳದ ಔಷಧಿ ಅಂಗಡಿಗಳಲ್ಲಿ ಎದುರಿಗೇ ಕಾಣಿಸಿಕೊಳ್ಳುತ್ತದೆ. ಕೊಂಡವರಲ್ಲಿ ಹೆಚ್ಚಿನವರು ಅದನ್ನು ಪೂರ್ತಿ ಒಣಗಿದ ತುಟಿಗೆ ಬಳಿಯುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ನೆಕ್ಕಿ ತೆಗೆಯುತ್ತಾರೆ, ಮತ್ತೆ ಬಳಿಯುತ್ತಾರೆ. ವಾರ ಕಳೆಯುವಷ್ಟರಲ್ಲಿ ಇದರಿಂದ ಪ್ರಯೋಜನವಿಲ್ಲವೆಂದು ಬೇರೊಂದನ್ನು ತರುತ್ತಾರೆ. ನಮ್ಮ ನೆರೆಕರೆಯಲ್ಲಿ ಪ್ರತಿ ಚಳಿಗಾಲವೂ ಇದನ್ನೇ ನೋಡುತ್ತಿರುವುದರಿಂದ, ಹಚ್ಚುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಅಗತ್ಯವೆಂದು ನನಗೆ ಅನಿಸಿದೆ.

ಮೊದಲು ಕಾರಣ ನೋಡಿ

ತುಟಿಯ ಚರ್ಮದ ಮೇಲ್ಪದರ ಬಹಳ ತೆಳುವಾದುದು. ಕೆನ್ನೆಗೆ, ಹಣೆಗೆ ಜಿಡ್ಡು ಒದಗಿಸುವ ಗ್ರಂಥಿಗಳು ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆವರಿನ ಗ್ರಂಥಿಗಳೂ ಇಲ್ಲ. ಆದ್ದರಿಂದ ಗಾಳಿ ಒಣಗಿದಾಗ ಮುಖದ ಉಳಿದ ಭಾಗಕ್ಕಿಂತ ಮೊದಲು ತುಟಿಯ ತೇವವೇ ಆರಿಹೋಗುತ್ತದೆ. ನೆಕ್ಕಿದರೆ ಒಂದು ಕ್ಷಣ ಹಿತವೆನಿಸಿದರೂ ಉಗುಳು ಆರುವಾಗ ಒಳಗಿನ ತೇವವನ್ನೂ ಕೊಂಡೊಯ್ಯುತ್ತದೆ, ಅದರಲ್ಲಿರುವ ಜೀರ್ಣಕಾರಿ ಕಿಣ್ವಗಳು ಮೊದಲೇ ಬಿರಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ. ಮಕ್ಕಳ ಬಾಯಿಯ ಸುತ್ತ ಕೆಂಪಗೆ ಬಳೆಯಾಕಾರದ ಗುರುತು ಮೂಡಿದ್ದರೆ ನೆಕ್ಕುವ ಅಭ್ಯಾಸವೇ ಕಾರಣವಾಗಿರುವುದು ಹೆಚ್ಚು.

ಒಣಹವೆಯ ಹೊರತಾಗಿ ನಮ್ಮ ಕಡೆಗೇ ವಿಶೇಷವಾದ ಕೆಲವು ಕಾರಣಗಳಿವೆ. ಮಾವಿನ ಕಾಲದಲ್ಲಿ ತುಟಿ ಸುಲಿದರೆ ತೊಟ್ಟಿನ ಸೊನೆಯನ್ನು ಶಂಕಿಸಬೇಕು. ಹಣ್ಣನ್ನು ತೊಳೆದು, ತೊಟ್ಟಿನ ಭಾಗವನ್ನೂ ಸಿಪ್ಪೆಯನ್ನೂ ತೆಗೆದು ತಿಂದರೆ ತೊಂದರೆ ತಪ್ಪುತ್ತದೆ. ಗೇರುಹಣ್ಣನ್ನು ಬೀಜ ಕೀಳದೆ ಹಾಗೆಯೇ ಕಚ್ಚುವ ಮಕ್ಕಳಿಗೆ ಬೀಜದ ಸಿಪ್ಪೆಯ ಎಣ್ಣೆ ತಗಲಿ ತುಟಿ ಸುಡುವುದುಂಟು. ಎಲೆಯಡಿಕೆ ಹಾಕುವವರ ಬಾಯಿಯ ಮೂಲೆಯಲ್ಲಿ ಸುಣ್ಣ ಕೂತು ಬಿರುಕಾಗುತ್ತದೆ. ಖಾರವಾದ ಪುದೀನ ಅಥವಾ ದಾಲ್ಚಿನ್ನಿ ರುಚಿಯ ಟೂತ್‌ಪೇಸ್ಟ್ ಕೂಡ ಕೆಲವರಿಗೆ ಆಗಿಬರುವುದಿಲ್ಲ. ಈ ಕಾರಣಗಳು ಮುಂದುವರಿಯುತ್ತಿರುವಾಗ ಯಾವ ಬಾಮ್ ಹಚ್ಚಿದರೂ ಗುಣವಾಗದು.

ಡಬ್ಬಿಯ ಹಿಂಬದಿ ಓದಿ

ಘಟಕಗಳ ಪಟ್ಟಿ ತೀರ ಸಣ್ಣ ಅಕ್ಷರದಲ್ಲಿರುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿಕೊಂಡು ಓದಿ. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು ಬರುವುದರಿಂದ ಆರಂಭದ ನಾಲ್ಕೈದು ಹೆಸರುಗಳು ಮುಖ್ಯ. ಪೆಟ್ರೊಲೇಟಮ್ ಎಂದರೆ ಪೆಟ್ರೋಲಿಯಂ ಜೆಲ್ಲಿ, ಸೆರಾ ಆಲ್ಬಾ ಎಂದರೆ ಜೇನುಮೇಣ, ರಿಸಿನಸ್ ಕಮ್ಯೂನಿಸ್ ಎಂದರೆ ಹರಳೆಣ್ಣೆ. ಇವು, ಇವುಗಳ ಜೊತೆಗೆ ಶಿಯಾ ಬೆಣ್ಣೆ, ಡೈಮೆಥಿಕೋನ್, ಸೆರಮೈಡ್ ಇದ್ದರೆ ಒಳ್ಳೆಯದು. ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ, ಫೀನಾಲ್, ಸ್ಯಾಲಿಸಿಲಿಕ್ ಆಮ್ಲ, ಪರ್ಫ್ಯೂಮ್ ಅಥವಾ ಫ್ಲೇವರ್ ಎಂಬ ಹೆಸರು ಕಂಡರೆ ಡಬ್ಬಿಯನ್ನು ಅಂಗಡಿಯವರ ಕೈಗೇ ಹಿಂದಿರುಗಿಸಿ. ಇವು ತಣ್ಣಗೆ ಚುರುಗುಟ್ಟುವುದನ್ನು ಔಷಧಿ ಕೆಲಸ ಮಾಡುವ ಲಕ್ಷಣವೆಂದು ಬಹಳ ಜನ ನಂಬಿದ್ದಾರೆ. ವಾಸ್ತವದಲ್ಲಿ ಅದು ತುಟಿ ಕೆರಳಿದೆ ಎಂಬುದರ ಸೂಚನೆ. ತಲೆನೋವಿನ ಮುಲಾಮನ್ನೇ ತುಟಿಗೆ ಹಚ್ಚುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸ್ಟ್ರಾಬೆರಿ, ಚಾಕಲೇಟ್ ರುಚಿಯವು ಮಕ್ಕಳಿಗೆ ಬೇಡವೇ ಬೇಡ, ಏಕೆಂದರೆ ಸಿಹಿಯಾದುದನ್ನು ನಾಲಗೆ ಬಿಡುವುದಿಲ್ಲ. ಇದೇ ಕಾರಣಕ್ಕೆ ಜೇನುತುಪ್ಪವನ್ನೂ ದನದ ತುಪ್ಪವನ್ನೂ ನಾನು ಶಿಫಾರಸು ಮಾಡುವುದಿಲ್ಲ. ಹೊಕ್ಕುಳಿಗೆ ಎಣ್ಣೆ ಬಿಟ್ಟರೆ ತುಟಿ ಒಡೆಯುವುದಿಲ್ಲವೆಂಬ ಮಾತಿಗೆ ಆಧಾರವಿಲ್ಲ.

ಗೊಂದಲವೇ ಬೇಡವೆನ್ನುವವರು ಬಣ್ಣ, ಪರಿಮಳ ಎರಡೂ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಕೊಳ್ಳಲಿ. ರಾಬರ್ಟ್ ಚೀಸ್‌ಬ್ರೋ ಎಂಬವರು 1872ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ತೇವ ಆರದಂತೆ ತಡೆಯುವುದರಲ್ಲಿ ಇದನ್ನು ಮೀರಿಸುವ ವಸ್ತು ಈಗಲೂ ವಿರಳ, ಬೆಲೆಯೂ ಕಡಿಮೆ. ಮನೆಯದೇ ಬೇಕೆಂದರೆ ಪುನರ್ಪುಳಿ (ಕೋಕಂ) ಬೀಜದ ತುಪ್ಪಕ್ಕೆ ನನ್ನ ಮೊದಲ ಮತ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ತುಟಿಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಪುನರ್ಪುಳಿ ತುಪ್ಪ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಮೈಯ ಬಿಸಿಗೆ ಮೆದುವಾಗುತ್ತದೆಯೇ ಹೊರತು ಹರಿದುಹೋಗುವುದಿಲ್ಲ. ಒಂದು ಭಾಗ ಶುದ್ಧ ಜೇನುಮೇಣ, ಒಂದು ಭಾಗ ಪುನರ್ಪುಳಿ ತುಪ್ಪ, ಎರಡು ಭಾಗ ತೆಂಗಿನೆಣ್ಣೆಯನ್ನು ತೂಗಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಸಣ್ಣ ಪಾತ್ರೆಯಲ್ಲಿ ಕರಗಿಸಿ, ಒಣಗಿದ ಡಬ್ಬಿಗೆ ಹೊಯ್ದರೆ ಸಾಕು. ನೀರಿನ ಹನಿ ಬೀಳಬಾರದು. ಮೇಣದಬತ್ತಿಯ ಮೇಣ ಖಂಡಿತ ಸಲ್ಲದು.

ಮೊದಲು ಕೈಗೆ, ಅನಂತರ ತುಟಿಗೆ

ಮುಂಗೈಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಆ ಬಾಮ್ ನಿಮಗಲ್ಲ. ಜೇನುಮೇಣವೂ ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು) ಕೂಡ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ಮನೆಯಲ್ಲಿ ಮಾಡಿದ್ದಕ್ಕೂ ಈ ಪರೀಕ್ಷೆ ಬೇಕು.

ಹಚ್ಚುವ ಕ್ರಮ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪೆಟ್ರೋಲಿಯಂ ಜೆಲ್ಲಿ ಅಥವಾ ಮೇಣದ ಬಾಮ್ ತಾನಾಗಿ ನೀರನ್ನು ಕೊಡುವುದಿಲ್ಲ. ಬಿಸಿಯನ್ನದ ಪಾತ್ರೆಗೆ ಮುಚ್ಚಳವಿಟ್ಟಂತೆ, ಒಳಗಿರುವ ತೇವ ಹೊರಹೋಗದಂತೆ ಹಿಡಿದಿಡುತ್ತದೆ ಅಷ್ಟೆ. ಒಳಗೆ ತೇವವೇ ಇಲ್ಲದಾಗ ಮೇಲೆ ಎಷ್ಟು ಮೆತ್ತಿದರೂ ಒಣಗಿದ ಚರ್ಮ ಜಿಡ್ಡಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಗ್ಲಿಸರಿನ್ ಮಾತ್ರವೇ ಹೆಚ್ಚಾಗಿರುವ ಬಾಮ್‌ನಲ್ಲಿ ಇನ್ನೊಂದು ತೊಂದರೆಯಿದೆ: ಗಾಳಿಯಲ್ಲಿ ತೇವ ಇಲ್ಲದಿದ್ದರೆ ಅದು ತುಟಿಯ ಒಳಪದರದ ನೀರನ್ನೇ ಮೇಲಕ್ಕೆ ಸೆಳೆಯುತ್ತದೆ, ತಡೆಯುವ ಜಿಡ್ಡು ಮೇಲಿರದಿದ್ದರೆ ಆ ನೀರು ಆರಿಹೋಗುತ್ತದೆ.

ಆದ್ದರಿಂದ ತುಟಿಯನ್ನು ಮೊದಲು ಒದ್ದೆ ಮಾಡಬೇಕು. ಬಿಸಿಯೂ ತಣ್ಣಗೂ ಅಲ್ಲದ ನೀರಿನಲ್ಲಿ ತೆಳು ಹತ್ತಿಬಟ್ಟೆಯನ್ನು ಅದ್ದಿ, ಹಿಂಡಿ, ಮುಚ್ಚಿದ ತುಟಿಗಳ ಮೇಲೆ ಎರಡು ನಿಮಿಷ ಇಡಿ. ಎದ್ದುನಿಂತ ಸಿಪ್ಪೆ ಅಷ್ಟರಲ್ಲಿ ಮೆದುವಾಗಿ ತುಟಿಗೆ ಅಂಟಿ ಕೂರುತ್ತದೆ. ಅದನ್ನು ಉಗುರಿನಿಂದ ಎಳೆಯಬಾರದು, ಹಲ್ಲಿನಿಂದ ಕಚ್ಚಬಾರದು. ಒಂದು ತುದಿ ಬಿಟ್ಟ ಸಿಪ್ಪೆಯ ಇನ್ನೊಂದು ತುದಿ ಜೀವಂತ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಎಳೆದಾಗ ರಕ್ತ ಒಸರುವುದು ಅಲ್ಲಿಂದಲೇ, ಮರುದಿನ ಆಳವಾದ ಬಿರುಕು ಬೀಳುವುದೂ ಅಲ್ಲಿಯೇ. ಸಕ್ಕರೆ ಹಾಕಿ ಉಜ್ಜುವುದು, ಬ್ರಶ್ಶಿನಿಂದ ತಿಕ್ಕುವುದು ಇತ್ತೀಚೆಗೆ ಬಹಳ ಪ್ರಚಾರದಲ್ಲಿದೆ. ಒಡೆದ ತುಟಿಗೆ ಅದರಷ್ಟು ಹಾನಿಕರವಾದುದು ಬೇರಿಲ್ಲ.

ಬಟ್ಟೆ ತೆಗೆದ ಮೇಲೆ ಬೈರಾಸಿನ (ಟವೆಲಿನ) ಮೆದು ಅಂಚಿನಿಂದ ಒಂದು ಸಲ ಒತ್ತಿ, ಹನಿಯಷ್ಟನ್ನು ಮಾತ್ರ ತೆಗೆಯಿರಿ, ಪಸೆ ಉಳಿದಿರಬೇಕು. ಒಂದು ನಿಮಿಷದೊಳಗೆ, ತೊಳೆದ ಬೆರಳಿನಲ್ಲಿ ಹೆಸರುಕಾಳಿನಷ್ಟು ಬಾಮ್ ತೆಗೆದುಕೊಂಡು ಇನ್ನೊಂದು ಬೆರಳಿಗೆ ತಿಕ್ಕಿ, ಹೊಳಪು ಬರುವವರೆಗೆ ಬಿಸಿ ಮಾಡಿಕೊಳ್ಳಿ. ತುಟಿಯ ಗೆರೆಗಳು ಮೇಲಿನಿಂದ ಕೆಳಕ್ಕೆ ಇರುವುದರಿಂದ ಬೆರಳನ್ನು ಅಡ್ಡಕ್ಕೆ ಎಳೆಯದೆ, ಮಧ್ಯದಿಂದ ಎರಡೂ ಮೂಲೆಗಳ ಕಡೆಗೆ ಒತ್ತುತ್ತ ಒತ್ತುತ್ತ ಸಾಗಬೇಕು. ಹಾಗೆ ಮಾಡಿದರೆ ಗೆರೆಗಳ ಒಳಕ್ಕೂ ಬಾಮ್ ಇಳಿಯುತ್ತದೆ. ತುಟಿಯ ಕೆಂಪು ಮುಗಿದು ಚರ್ಮ ಆರಂಭವಾಗುವ ಅಂಚನ್ನು ಬಿಡಬೇಡಿ. ಹಚ್ಚಿದ ಬಳಿಕ ತುಟಿಗಳನ್ನು ಒಂದಕ್ಕೊಂದು ಉಜ್ಜುವ ಅಭ್ಯಾಸವನ್ನೂ ಬಿಡಬೇಕು, ಅದರಿಂದ ಅರ್ಧಪಾಲು ಬಾಯಿಯೊಳಗೆ ಹೋಗುತ್ತದೆ. ಕನ್ನಡಿಯಲ್ಲಿ ನೋಡಿದರೆ ತುಟಿ ತೆಳುವಾಗಿ ಮಿನುಗಬೇಕು. ಬೆಳ್ಳಗೆ ದಪ್ಪಗೆ ಕಂಡರೆ ಹೆಚ್ಚಾಗಿದೆ.

ಊಟ ತಿಂಡಿಯ ನಂತರ ಬಾಯಿ ತೊಳೆದ ಕೂಡಲೇ ಹಚ್ಚಿದರೆ ಬಟ್ಟೆಯ ಕೆಲಸವೂ ಬೇಕಿಲ್ಲ. ಮಲಗುವ ಮುಂಚಿನದನ್ನು ಮಾತ್ರ ತಪ್ಪಿಸಬೇಡಿ, ಅದು ಉಳಿದವಕ್ಕಿಂತ ಸ್ವಲ್ಪ ದಪ್ಪಗಿರಲಿ. ಫ್ಯಾನಿನ ಕೆಳಗೆ ಬಾಯಿ ತೆರೆದು ಮಲಗುವವರ ತುಟಿ ಬೆಳಗಾಗುವಷ್ಟರಲ್ಲಿ ಬಿರಿಯುವುದು ಸಹಜ.

ಬಿಸಿಲಿಗೆ ಹೋಗುವವರಿಗೆ

ಕಡಲಿಗೆ ಇಳಿಯುವವರು, ತೋಟ ಗದ್ದೆಗಳಲ್ಲಿ ದುಡಿಯುವವರು, ಬೈಕಿನಲ್ಲಿ ಮಂಗಳೂರಿಗೆ ಹೋಗಿಬರುವವರು ಹಗಲಿಗೆ ಎಸ್‌ಪಿಎಫ್ (ಬಿಸಿಲನ್ನು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನ ಬಾಮ್ ಇಟ್ಟುಕೊಳ್ಳಬೇಕು. ತುಟಿಯಲ್ಲಿ ಚರ್ಮದ ಬಣ್ಣದ ಕಣಗಳು ಕಡಿಮೆ, ಕೆಳತುಟಿಯ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ಆರಿಸಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಕರಗುತ್ತದೆ. ಒಬ್ಬರು ಬಳಸಿದ ಕಡ್ಡಿ ಬಾಮ್ ಅನ್ನು ಮನೆಯವರೇ ಆದರೂ ಇನ್ನೊಬ್ಬರು ಬಳಸಬಾರದು, ಅದರಲ್ಲಿಯೂ ತುಟಿಯಲ್ಲಿ ನೀರುಗುಳ್ಳೆ ಎದ್ದಿರುವಾಗ.

ಎಷ್ಟು ದಿನ ಕಾಯಬೇಕು?

ಬಾಮ್ ಬದಲಿಸಿದ ವಾರವೇ ಟೂತ್‌ಪೇಸ್ಟನ್ನೂ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಸಾಕು. ಪ್ರತಿದಿನ ಬೆಳಿಗ್ಗೆ, ಹಲ್ಲುಜ್ಜುವ ಮುನ್ನ, ತುಟಿ ಅಗಲಿಸಿ ನಕ್ಕು ನೋಡಿ. ಎಳೆತ, ಉರಿ ಕಡಿಮೆಯಾಗುತ್ತ ಬಂದರೆ ಬಾಮ್ ಹೊಂದಿಕೊಂಡಿದೆ. ಎರಡು ಮೂರು ವಾರ ಹೀಗೆ ಕ್ರಮವಾಗಿ ಹಚ್ಚಿದರೂ ವಾಸಿಯಾಗದಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಬಾಯಿಯ ಮೂಲೆಗಳು ಮಾತ್ರ ಸೀಳುತ್ತಿದ್ದರೆ ಶಿಲೀಂಧ್ರದ ಸೋಂಕೋ ಕಬ್ಬಿಣ ಇಲ್ಲವೆ ಬಿ ಜೀವಸತ್ವದ ಕೊರತೆಯೋ ಇರಬಹುದು, ಅದಕ್ಕೆ ಬಾಮ್ ಮದ್ದಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದವರ ಕೆಳತುಟಿಯಲ್ಲಿ ಒರಟಾದ ಬಿಳಿ ಮಚ್ಚೆ ಅಥವಾ ಮಾಯದ ಹುಣ್ಣು ಇದ್ದರೆ ಎರಡು ವಾರ ಕೂಡ ಕಾಯಬಾರದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ತುಟಿ ಒಣಗುವುದು ಆ ಮಾತ್ರೆಯಿಂದಲೇ. ಅದನ್ನು ತಾವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರಿಗೆ ತಿಳಿಸಲಿ. ವೈದ್ಯರಲ್ಲಿಗೆ ಹೋಗುವಾಗ ಬಳಸುತ್ತಿರುವ ಬಾಮ್, ಟೂತ್‌ಪೇಸ್ಟ್, ಲಿಪ್‌ಸ್ಟಿಕ್ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.